ಲೀಸ್ ಪತ್ರದ ಹಿಂಬದಿ

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಆ ಗಾಯಕಿ ಹ್ಯೂಸ್ಟನ್ನಿನ ಒಂದು ರೆಕಾರ್ಡ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದೇ ಮಧ್ಯಾಹ್ನ ನಾಲ್ಕು ಹಾಡು ಹಾಡಿದ್ದರು. ಅವುಗಳಲ್ಲಿ ಎರಡು, ಒಂದು ಚಿಕ್ಕ ರೆಕಾರ್ಡಿನ ಎರಡು ಬದಿಗಳಾಗಿ ಹೊರಬಂದವು. ಉಳಿದ ಎರಡನ್ನು ಹಾಡಿದವರೇ ಕೇಳಿರಲಿಲ್ಲ. ನಮ್ಮ ಆಫೀಸಿಗೆ ಫೋನ್ ಮಾಡಿದಾಗ ಅವರಿಗೆ ಎಂಬತ್ತು ದಾಟಿತ್ತು.

"ನನಗೆ ಬೇರೇನೂ ಬೇಡ," ಎಂದರು. "ನಾನು ಹಾಡಿದ್ದು ನನ್ನ ಕಿವಿಗೆ ಬೀಳಬೇಕು. ಅದಕ್ಕೆ ಹಳೇ ಕಾಗದ ಓದೋಕೆ ಬರೋರು ಬೇಕಂತೆ. ನಿನಗೆ ಓದೋಕೆ ಬರುತ್ತಾ?"

ಬರುತ್ತದೆ ಎಂದೆ. ನನಗೆ ಚೆನ್ನಾಗಿ ಬರುವ ಕೆಲಸ ಅದೊಂದೇ.

ನಾನು ಆಸ್ಟಿನ್‌ನಲ್ಲಿ ಮೂರು ಜನರ ಒಂದು ಆಫೀಸಿನಲ್ಲಿದ್ದೇನೆ. ಕೆಳಗೆ ಇಸ್ತ್ರಿ ಅಂಗಡಿ, ಮೇಲೆ ನಾವು. ಬೇಸಿಗೆಯಲ್ಲಿ ನೆಲವೂ ಬೆಚ್ಚಗಿರುತ್ತದೆ. ನಾನು ವಕೀಲೆಯಲ್ಲ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ, ಆಮೇಲೆ ಹಳೆಯ ದಾಖಲೆಗಳನ್ನು ಜೋಡಿಸಿ ಕಾಪಾಡುವುದನ್ನು ಕಲಿತವಳು. ಯಾವ ಹಾಡು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನು ಕರಾರುಗಳಿಂದ ಹೆಕ್ಕಿ ಒಂದೇ ಪುಟದಲ್ಲಿ ಬರೆದುಕೊಡುತ್ತೇನೆ. ಆ ಪುಟವನ್ನು ಹಿಡಿದು ವಾದಿಸುವವರು ನನ್ನ ಮೇಲಧಿಕಾರಿ. ಪಶ್ಚಿಮ ಟೆಕ್ಸಾಸ್‌ನ ಅರವತ್ತರ ಹೆಂಗಸು, ವಕೀಲೆ, ಮಾತು ಕಡಿಮೆ. ನನ್ನ ಕೆಲಸ ನೋಡಿ "ತಪ್ಪಿಲ್ಲ" ಎಂದರೆ ಅದೇ ಅವರ ದೊಡ್ಡ ಹೊಗಳಿಕೆ. ನನಗೆ ಅಷ್ಟು ಸಾಕು. ಅದಕ್ಕಿಂತ ಹೆಚ್ಚು ಹೊಗಳಿದರೆ ಮುಖ ಎಲ್ಲಿಡಬೇಕೆಂದು ತಿಳಿಯುವುದಿಲ್ಲ.

ಈ ಕೆಲಸಕ್ಕೆ ಸೇರಿದ ವಾರ, ಡಾಲಸ್ ಪಕ್ಕದ ಅಲೆನ್ ಊರಿನ ನಮ್ಮ ಮನೆಗೆ ಫೋನ್ ಮಾಡಿ ಅಮ್ಮನಿಗೆ ವಿವರಿಸಿದ್ದೆ. ಹೆಚ್ಚಾಗಿ ಸೋಲ್ ಸಂಗೀತದ ಹಳೆಯ ಕಂಪನಿಗಳ ಕಾಗದ ನೋಡುತ್ತೇವೆ ಎಂದೆ.

"ಸೋಲಾ? ಯಾರು ಸೋತಿದ್ದು?"

"ಸೋಲು ಅಲ್ಲಮ್ಮ, ಸೋಲ್. ಆತ್ಮ ಅಂತ."

"ಆತ್ಮದ ಕಾಗದ ಓದೋ ಕೆಲಸ ಅಂತ ನಿಮ್ಮಪ್ಪಂಗೆ ಹೇಳ್ಬೇಡ. ಪ್ಲೇನೋಲಿ ಎಲ್ರಿಗೂ ಹೇಳ್ಕೊಂಡ್ ಬರ್ತಾರೆ."

ಅಪ್ಪ ಪಕ್ಕದ ಊರು ಪ್ಲೇನೋದಲ್ಲಿ ಎಂಜಿನಿಯರ್. ಅವರಿಗೆ ಮಗಳು ಕಾಪಿರೈಟ್ ಕೆಲಸದಲ್ಲಿದ್ದಾಳೆ ಎಂದಷ್ಟೇ ಹೇಳಿದೆವು. ಆದರೆ ಅಮ್ಮನ ಪ್ರಶ್ನೆ ಅಷ್ಟೇನೂ ತಪ್ಪಲ್ಲ ಎಂದು ಆಮೇಲೆ ಅನ್ನಿಸಿದ್ದುಂಟು. ಅರವತ್ತರ ದಶಕದ ಆ ಕಾಗದಗಳಲ್ಲಿ ಯಾರು ಗೆದ್ದರು ಎಂದು ಹುಡುಕುವುದೇ ಕಷ್ಟ.

ಹ್ಯೂಸ್ಟನ್ನಿನ ಆ ರೆಕಾರ್ಡ್ ಕಂಪನಿಯೆಂದರೆ ಒಬ್ಬನೇ ಮನುಷ್ಯ. ಅಂಗಡಿಯ ಮುಂಭಾಗದಲ್ಲಿ ರೆಕಾರ್ಡು ಮತ್ತು ತಲೆಗೆ ಹಚ್ಚುವ ಎಣ್ಣೆ ಮಾರುತ್ತಿದ್ದ. ಹಿಂದಿನ ಕೋಣೆಯ ಗೋಡೆಗೆ ಕಂಬಳಿ ಹೊಡೆದು ಅಲ್ಲೇ ಹಾಡು ಮುದ್ರಿಸುತ್ತಿದ್ದ. ಬೀದಿಯಲ್ಲಿ ಒಂದಷ್ಟು ಮನೆಗಳನ್ನೂ ಬಾಡಿಗೆಗೆ ಕೊಟ್ಟಿದ್ದ. ಹಾಡುವವರ ಜೊತೆ ಮೂರು ಕರಾರು ಮಾಡಿಕೊಳ್ಳುತ್ತಿದ್ದ: ರೆಕಾರ್ಡ್ ಕಂಪನಿಯಾಗಿ ಒಂದು, ಹಾಡಿನ ಹಕ್ಕು ಇಟ್ಟುಕೊಳ್ಳುವ ಪ್ರಕಾಶಕನಾಗಿ ಒಂದು, ಅವರ ಹಿತ ಕಾಯುವ ಮ್ಯಾನೇಜರಾಗಿ ಒಂದು. ಕೆಲವು ಕಾಗದಗಳಲ್ಲಿ ಎಡಗಡೆಯೂ ಬಲಗಡೆಯೂ ಅವನದೇ ಸಹಿ. ತನ್ನೊಡನೆ ತಾನೇ ಚೌಕಾಸಿ ಮಾಡಿ ತಾನೇ ಒಪ್ಪಿಕೊಂಡಿದ್ದ. ಅವನೊಬ್ಬನೇ ಹಾಗಲ್ಲ, ಆಗ ಸಣ್ಣ ಊರುಗಳ ಕಂಪನಿಗಳೆಲ್ಲ ಬಹುಪಾಲು ಹೀಗೇ ನಡೆಯುತ್ತಿದ್ದವು.

ಇಂಥವನ ರೆಕಾರ್ಡು ಅವನ ಕಾರು ಎಷ್ಟು ದೂರ ಹೋಗುತ್ತದೋ ಅಷ್ಟೇ ದೂರ ಹೋಗುತ್ತಿತ್ತು. ದೇಶದ ತುಂಬ ಮಾರಬೇಕಾದರೆ ಉತ್ತರದ ದೊಡ್ಡ ಊರಿನ ಕಂಪನಿಯೊಂದು ಕೈ ಹಿಡಿಯಬೇಕು. ಆ ಕಂಪನಿಗೆ ಟೇಪನ್ನು ಮಾರಬಹುದಿತ್ತು, ಇಲ್ಲವೇ ಲೀಸ್‌ಗೆ ಕೊಡಬಹುದಿತ್ತು. ಕೊಟ್ಟ ಮೇಲೆ ಅವರು ತಮ್ಮ ಲೇಬಲ್ ಅಂಟಿಸಿ ಮಾರುವರು. ಆಮೇಲೆ ಆ ಕಂಪನಿಯನ್ನು ಇನ್ನೊಂದು ಕೊಳ್ಳುತ್ತದೆ, ಅದನ್ನು ಮತ್ತೊಂದು. ಪ್ರತಿ ಸಲವೂ ಉಗ್ರಾಣದ ಬೀಗದ ಕೈ ಬೇರೆಯವರ ಜೇಬಿಗೆ ಹೋಗುತ್ತದೆ. ಒಳಗೆ ಇರುವುದರಲ್ಲಿ ಯಾವುದು ಕೊಂಡದ್ದು, ಯಾವುದು ಲೀಸ್‌ಗೆ ತಂದದ್ದು ಎಂದು ಯಾರೂ ನೋಡುವುದಿಲ್ಲ.

ಈ ಗಾಯಕಿಯ ನಾಲ್ಕು ಟೇಪು ಹೀಗೆ ನಾಲ್ಕು ಕೈ ದಾಟಿ ಈಗ ದೇಶದ ಪಶ್ಚಿಮ ಕರಾವಳಿಯ ಒಂದು ಕಂಪನಿಯ ಹತ್ತಿರವಿದ್ದವು. ಅವರು ಆಕೆಗೆ ಪತ್ರ ಬರೆದಿದ್ದರು: ಉಗ್ರಾಣ ಖಾಲಿ ಮಾಡುತ್ತಿದ್ದೇವೆ, ಬಿಡುಗಡೆಯಾಗದ ಟೇಪುಗಳನ್ನು ಮೂರು ತಿಂಗಳಲ್ಲಿ ವಿಲೇವಾರಿ ಮಾಡುತ್ತೇವೆ, ಅವು ನಮ್ಮ ಸ್ವತ್ತಾದ್ದರಿಂದ ಪ್ರತಿ ಕೊಡುವುದು ನಮ್ಮ ಪದ್ಧತಿಯಲ್ಲ.

ವಿಲೇವಾರಿ ಎಂದರೆ ಎಸೆಯುವುದು. ಅವರು ಕೇಳದ ಎರಡು ಹಾಡು ಇನ್ನು ಮೂರು ತಿಂಗಳು ಮಾತ್ರ ಇರುತ್ತಿದ್ದವು.

ಮೊದಲ ಸಲ ಹ್ಯೂಸ್ಟನ್‌ಗೆ ಹೋದಾಗ ಸ್ಟಾಫರ್ಡ್‌ನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಇಳಿದುಕೊಂಡೆ. ಚಿಕ್ಕಪ್ಪ ಧಾರವಾಡದವರು. ಬೆಳಿಗ್ಗೆ ಅವಲಕ್ಕಿ ತಟ್ಟೆ ಮುಂದಿಟ್ಟು, "ಏನವಾ, ಸತ್ತ ಕಂಪನಿಗಳ ಪೋಸ್ಟ್‌ಮಾರ್ಟಮ್ ಮಾಡಾಕ ಬಂದೀ?" ಎಂದರು.

"ಕಂಪನಿ ಸತ್ತಿದೆ ಚಿಕ್ಕಪ್ಪ, ಹಾಡಿದೋರು ಇದಾರೆ."

"ಹಂಗಾರ ಲಗೂನ ಹೋಗು. ಬರಿಗೈಲೆ ಹೋಗಬ್ಯಾಡ." ಚಿಕ್ಕಮ್ಮ ಆಗಲೇ ಚಕ್ಕುಲಿಯ ಡಬ್ಬಿ ಕಟ್ಟಿದ್ದರು.

ಗಾಯಕಿಯ ಮನೆ ಊರಿನ ದಕ್ಷಿಣಕ್ಕೆ, ಮುಂದೆ ಚಿಕ್ಕ ಜಗಲಿ ಇದ್ದ ಮರದ ಮನೆ. ಬಾಗಿಲಲ್ಲೇ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಫೋನಿನಲ್ಲಿ ಇನ್ನೂ ವಯಸ್ಸಾದವಳ ಹಾಗೆ ಮಾತಾಡಿದೆ, ಬೇಬಿ."

"ಎಲ್ಲರೂ ಹಾಗೇ ಹೇಳುತ್ತಾರೆ, ಮ್ಯಾಮ್."

"ನನಗೂ ಹತ್ತೊಂಬತ್ತಕ್ಕೇ ನಲವತ್ತರ ದನಿ ಇತ್ತು. ಅದಕ್ಕೇ ಕರೆದ ಆ ಎಣ್ಣೆ ಮಾರೋನು. ಒಳಗೆ ಬಾ."

ಅವರ ಕಾಗದಗಳೆಲ್ಲ ಟೋಪಿ ಇಡುವ ಒಂದು ದುಂಡು ಪೆಟ್ಟಿಗೆಯಲ್ಲಿದ್ದವು. ಮೇಲೆ ಬಾಡಿಗೆ ರಸೀದಿಗಳ ಕಟ್ಟು. ಅವರು ಆಗ ತಾಯಿಯೊಡನೆ ಇದ್ದ ಮನೆಯೂ ಆ ಅಂಗಡಿಯವನದೇ ಆಗಿತ್ತು. ಕೆಳಗೆ ಅವರ ಹಾಡಿನ ಕರಾರು. ಅದರಲ್ಲಿ ಅವರ ಸಹಿಯ ಪಕ್ಕ ತಾಯಿಯ ಸಹಿ, ಯಾಕೆಂದರೆ ಆಗ ಇಪ್ಪತ್ತೊಂದು ತುಂಬದವರು ತಾವೊಬ್ಬರೇ ಸಹಿ ಮಾಡುವಂತಿರಲಿಲ್ಲ. ಕೊನೆಯಲ್ಲಿ ಕೈಬರಹದ ಒಂದು ಸಾಲು ಇತ್ತು: ಅಂಗಡಿಯವನು ಈ ವ್ಯಾಪಾರ ನಿಲ್ಲಿಸಿದರೆ, ಹಾಡಿದ್ದೆಲ್ಲ ಹುಡುಗಿಗೆ ಸೇರತಕ್ಕದ್ದು.

"ಇದು ಯಾರ ಕೈಬರಹ?"

"ನಮ್ಮಮ್ಮನದು. ಒಂದೇ ಕೈಯಲ್ಲಿ ಹಾಡನ್ನೂ ತಲೆ ಎಣ್ಣೆಯನ್ನೂ ಮಾರೋನನ್ನು ನಂಬಬಾರದು ಅಂತಿದ್ದಳು. ಈ ಸಾಲು ಬರೆಯದೆ ಪೆನ್ನು ವಾಪಸ್ ಕೊಡಲಿಲ್ಲ. ಅವನಿಗೆ ಗಿರಾಕಿ ಕಾಯ್ತಿದ್ದರು. ಒಪ್ಪಿಕೊಂಡ."

ಆ ಸಾಲು ಚೆನ್ನಾಗಿತ್ತು. ಆದರೆ ಅಂಗಡಿಯವನು ಟೇಪನ್ನು ಮಾರಿಬಿಟ್ಟಿದ್ದರೆ ಅದರಿಂದ ಪ್ರಯೋಜನವಿರಲಿಲ್ಲ. ಅವನದೇ ಅಲ್ಲದ್ದು ಹುಡುಗಿಗೆ ಸೇರುವುದಾದರೂ ಹೇಗೆ? ಹಾಗೆ ಯೋಚಿಸುತ್ತಿರುವಾಗಲೇ ತಳದಲ್ಲಿ ಇನ್ನೊಂದು ಹಾಳೆ ಸಿಕ್ಕಿತು. ಅಂಗಡಿಯವನಿಗೂ ಉತ್ತರದ ಕಂಪನಿಗೂ ಆದ ಕರಾರಿನ, ಇಬ್ಬರ ಸಹಿಯೂ ಇದ್ದ ಒಂದು ಮೂಲ ಪ್ರತಿ. ಅಂಗಡಿಯವನ ಮಾತು ಮಾತಾಗಿ ಉಳಿಯಬಾರದೆಂದು ತಾಯಿ ಅದನ್ನೂ ಕೇಳಿ ಪಡೆದಿದ್ದರಂತೆ. ಹಾಳೆಯ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಲೀಸ್ ಎಂದು ಅಚ್ಚಾಗಿತ್ತು. ಅವಧಿ ಹತ್ತು ವರ್ಷ. ಕೆಳಗೆ ಒಂದು ಮುಂಗಡದ ಮೊತ್ತ.

ಇಲ್ಲಿ ನಾನು ತಪ್ಪು ಮಾಡಿದೆ. ನನ್ನ ಕೆಲಸದಲ್ಲಿ ನಾನು ಅಷ್ಟು ದೊಡ್ಡ ತಪ್ಪು ಅದಕ್ಕೆ ಮುಂಚೆಯೂ ಮಾಡಿಲ್ಲ, ಆಮೇಲೂ ಮಾಡಿಲ್ಲ.

ನಾನು ಟೆಕ್ಸಾಸ್‌ಗೆ ಬಂದಾಗ ಒಂಬತ್ತು ವರ್ಷ. ಲೀಸ್ ಎಂಬ ಮಾತನ್ನು ಕಲಿತದ್ದು ಅದಕ್ಕೂ ಮುಂಚೆ, ಮೈಸೂರಿನಲ್ಲಿ. ಸರಸ್ವತಿಪುರಂನಲ್ಲಿ ಅಮ್ಮನ ಹೆಸರಿನ ಒಂದು ಚಿಕ್ಕ ಮನೆಯಿದೆ. ನಾವು ಹೊರಡುವ ಮುಂಚೆ ಅದನ್ನು ಒಂದು ಕುಟುಂಬಕ್ಕೆ ಲೀಸ್‌ಗೆ ಕೊಟ್ಟೆವು. ಹಜಾರದಲ್ಲಿ ಕೂತು ಅವರು ಒಂದು ದೊಡ್ಡ ಮೊತ್ತ ಕೊಟ್ಟರು, ಅಮ್ಮ ಬೀಗದ ಕೈ ಕೊಟ್ಟಳು. ತಿಂಗಳ ಬಾಡಿಗೆಯಿಲ್ಲ. ಅವಧಿ ಮುಗಿದ ದಿನ ನಾವು ಆ ಮೊತ್ತ ವಾಪಸ್ ಕೊಡಬೇಕು, ಅವರು ಮನೆ ವಾಪಸ್ ಕೊಡಬೇಕು. ಹಳಬರು ಇದನ್ನೇ ಭೋಗ್ಯ ಎನ್ನುತ್ತಿದ್ದರು. ಇದೇನು ಎಂದು ನಾನು ಕೇಳಿದಾಗ ಅಮ್ಮ ಹೇಳಿದ್ದು ನಾಲ್ಕೇ ಮಾತು: ದುಡ್ಡು ವಾಪಸ್, ಮನೆ ವಾಪಸ್. ಆಸ್ಟಿನ್‌ನಲ್ಲಿ ಅಪಾರ್ಟ್‌ಮೆಂಟಿನ ಲೀಸ್‌ಗೆ ನಾನೇ ಸಹಿ ಹಾಕಿದ್ದೇನೆ, ಇಲ್ಲಿ ಅದರ ಅರ್ಥ ಬೇರೆ ಎಂದು ನನಗೆ ಗೊತ್ತು. ಆದರೂ ಆ ಹಾಳೆಯಲ್ಲಿ ಲೀಸ್, ಹತ್ತು ವರ್ಷ, ಒಂದು ಮೊತ್ತ, ಮೂರನ್ನೂ ಒಟ್ಟಿಗೆ ನೋಡಿದಾಗ ನನ್ನ ತಲೆಯಲ್ಲಿ ಓದಿದ್ದು ಆ ಹಜಾರದ ಹುಡುಗಿ.

"ಆ ಮುಂಗಡವನ್ನು ನಾವು ಹಿಂದಿರುಗಿಸಿದರೆ, ಟೇಪು ನಿಮಗೆ ವಾಪಸ್ ಬರುತ್ತದೆ," ಎಂದೆ.

ಅವರು ಕನ್ನಡಕ ಸರಿಮಾಡಿಕೊಂಡು ಮೊತ್ತ ನೋಡಿದರು. "ಇಷ್ಟೇ? ಇಷ್ಟು ನನ್ನ ಕೈಚೀಲದಲ್ಲೇ ಇದೆಯಲ್ಲ." ನಾನು ಮಿಕ್ಕ ಕಾಗದಗಳ ಫೋಟೋ ತೆಗೆಯುತ್ತಿರುವಾಗ ಅವರು ತಮ್ಮ ಚರ್ಚಿನ ಗೆಳತಿಗೆ ಫೋನ್ ಮಾಡಿದರು. "ಬರ್ತಾ ಇದೆ ಕಣೇ ನನ್ನ ಹಾಡು. ಭಾರತದ ಹುಡುಗಿಯೊಬ್ಬಳು ಕಾಗದ ಓದಿ ಹೇಳಿದಳು."

ಸೋಮವಾರ ಮೇಲಧಿಕಾರಿ ನನ್ನ ಒಂದು ಪುಟವನ್ನು ಎರಡು ಸಲ ಓದಿದರು.

"ಮುಂಗಡ ಹಿಂದಿರುಗಿಸಿದರೆ ಟೇಪು ಹಿಂದೆ ಬರುತ್ತದೆ ಅಂತ ಬರೆದಿದ್ದೀಯ. ಕರಾರಿನ ಯಾವ ಸಾಲು?"

ನಾನು ಸಾಲು ತೋರಿಸಲು ಬೆರಳು ಎತ್ತಿದೆ. ಬೆರಳು ಇಡುವುದಕ್ಕೆ ಅಲ್ಲಿ ಜಾಗವಿರಲಿಲ್ಲ.

"ಲೀಸ್‌ಗೆ ಕೊಟ್ಟವನು ದುಡ್ಡು ವಾಪಸ್ ಕೊಡೋದನ್ನು ನಾನು ಮೂವತ್ತು ವರ್ಷದಲ್ಲಿ ನೋಡಿಲ್ಲ," ಎಂದರು. ದನಿ ಏರಿಸಲಿಲ್ಲ. "ಅವಧಿ ಮುಗಿದ ಮೇಲೆ ಏನು ಅನ್ನೋದನ್ನು ಈ ಹಾಳೆ ಹೇಳೋದೇ ಇಲ್ಲ. ಹೇಳದಿದ್ದರೆ, ಲೀಸ್ ಅಂತ ಹೆಸರಿಟ್ಟು ಮಾರಿದ್ದಾನೆ ಅಂತ ಅವರು ವಾದಿಸ್ತಾರೆ. ಆಕೆಗೆ ಹೇಳಿಬಿಟ್ಟಿದ್ದೀಯಾ?"

"ಹೇಳಿದ್ದೇನೆ."

"ಹಾಗಾದರೆ ನೀನೇ ಹೋಗಿ ಸರಿಮಾಡು. ಫೋನಿನಲ್ಲಲ್ಲ."

ಆ ಶನಿವಾರ ಅಲೆನ್‌ಗೆ ಹೋದೆ. ಮನೆಯಲ್ಲಿ ನಾನು ಕೆಲಸದ ಮಾತು ಆಡುವವಳಲ್ಲ, ಆದರೆ ಅಂದು ಬೀನ್ಸ್ ಹೆಚ್ಚುತ್ತಾ ಹೇಳಿಬಿಟ್ಟೆ. ಅಮ್ಮ ಪೂರ್ತಿ ನನ್ನ ಪರ ನಿಂತಳು.

"ನೀನು ಹೇಳಿದ್ದು ಸರಿಯಾಗೇ ಇದೆ. ಲೀಸ್ ಅಂದ್ರೆ ಲೀಸೇ. ದುಡ್ಡು ವಾಪಸ್, ಮನೆ ವಾಪಸ್."

"ಇಲ್ಲಿ ಹಾಗಲ್ಲಮ್ಮ. ಬರೆದಿದ್ರೆ ಮಾತ್ರ."

"ಬರೆದೇ ಇರ್ತಾರೆ. ಯಾರಾದ್ರೂ ಬರೀದೆ ಕೊಡ್ತಾರಾ? ನಮ್ಮದ್ರಲ್ಲೂ ಮುಂದ್ಗಡೆ ಹೆಸರು, ದುಡ್ಡು, ವರ್ಷ ಅಷ್ಟೇ ಇರೋದು. ಮಿಕ್ಕಿದ್ದೆಲ್ಲ ಹಿಂದ್ಗಡೆ. ಗೋಡೆಗೆ ಮೊಳೆ ಹೊಡೀಬಾರ್ದು, ನಾಯಿ ಸಾಕಬಾರ್ದು, ಹೋಗುವಾಗ ಸುಣ್ಣ ಹೊಡೆಸಿ ಬೀಗದ ಕೈ ಕೊಡ್ಬೇಕು. ಈಗ ಆ ಮನೇಲಿರೋಳು ಎರಡು ಮೊಳೆ ಹೊಡೆದಿದಾಳೆ, ನಿಮ್ಮ ಮಾವ ಎಣಿಸಿದಾನೆ."

ನಾನು ಚಾಕು ಕೆಳಗಿಟ್ಟೆ.

ಮೊಳೆ ಹೊಡೆಯಬಾರದು, ಪ್ರಾಣಿ ಸಾಕಬಾರದು. ಈ ಷರತ್ತುಗಳನ್ನು ನಾನು ಆ ವಾರವೇ ಇಂಗ್ಲಿಷಿನಲ್ಲಿ ಓದಿದ್ದೆ. ಎರಡೂ ಬದಿ ಸರಸರನೆ ತೆಗೆದುಕೊಂಡು ಬಂದಿದ್ದ ಟೋಪಿ ಪೆಟ್ಟಿಗೆಯ ಫೋಟೋಗಳನ್ನು ವಿಂಗಡಿಸುವಾಗ ಅಂಥ ಒಂದು ಪುಟ ಬಂದಿತ್ತು. ಗಾಯಕಿಯ ತಾಯಿ ಅಂಗಡಿಯವನ ಬಾಡಿಗೆ ಮನೆಯಲ್ಲಿದ್ದರಲ್ಲ, ಆ ಮನೆಯ ಕಾಗದ ಎಂದುಕೊಂಡು ಅದನ್ನು ರಸೀದಿಗಳ ಜೊತೆ ಸೇರಿಸಿ, 'ಮನೆ ಬಾಡಿಗೆ, ಸಂಬಂಧವಿಲ್ಲ' ಎಂದು ನಾನೇ ಹೆಸರಿಟ್ಟಿದ್ದೆ. ಅಚ್ಚುಕಟ್ಟಾಗಿ, ಕ್ರಮಸಂಖ್ಯೆ ಹಾಕಿ.

ಲ್ಯಾಪ್‌ಟಾಪ್ ತಂದು ಅಡುಗೆಮನೆಯ ಕಟ್ಟೆಯ ಮೇಲೆ ತೆರೆದೆ. ಲೀಸ್ ಹಾಳೆಯ ಮೇಲಿನ ಎಡಮೂಲೆ ಹರಿದಿತ್ತು. 'ಸಂಬಂಧವಿಲ್ಲ' ಎಂಬ ಪುಟದ ಮೇಲಿನ ಬಲಮೂಲೆ ಅದೇ ಆಕಾರದಲ್ಲಿ ಹರಿದಿತ್ತು. ಎರಡು ಹಾಳೆಯಲ್ಲ, ಒಂದೇ ಹಾಳೆಯ ಎರಡು ಬದಿ.

ಅಂಗಡಿಯವನು ಹಾಡಿನ ಟೇಪಿಗೆ ಬೇರೆ ಕರಾರು ಬರೆಸುವ ಗೋಜಿಗೇ ಹೋಗಿರಲಿಲ್ಲ. ಮನೆಗಳನ್ನು ಬಾಡಿಗೆಗೆ ಕೊಡಲು ಇಟ್ಟುಕೊಂಡಿದ್ದ ಅಚ್ಚಿನ ಫಾರಮ್ಮನ್ನೇ ಟೈಪ್‌ರೈಟರಿಗೆ ಸೇರಿಸಿದ್ದ. ಮುಂದಿನ ಬದಿಯ ಅಂಚಿನಲ್ಲಿ ಒಂದು ಸಾಲು ಟೈಪ್ ಮಾಡಿದ್ದ. ನಾನೂ ಮೇಲಧಿಕಾರಿಯೂ ಅದನ್ನು ಓದಿ ಮುಂದಿನ ಬದಿಗೆ ಮಾತ್ರ ಅನ್ವಯಿಸಿ ಸುಮ್ಮನಾಗಿದ್ದೆವು. ನಮ್ಮ ಕಡೆಯ ಪತ್ರಗಳ ಭಾಷೆಯಲ್ಲಿ ಹೇಳುವುದಾದರೆ: ಈ ಫಾರಮ್ಮಿನಲ್ಲಿ ಸದರಿ ಸ್ವತ್ತು ಎಂದು ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ನಾಲ್ಕು ಟೇಪುಗಳು ಎಂದು ಓದಿಕೊಳ್ಳತಕ್ಕದ್ದು.

ಹಿಂಬದಿಯಲ್ಲಿ, ಮೊಳೆ ಮತ್ತು ನಾಯಿಗಳ ಕೆಳಗೆ ಇತ್ತು: ಅವಧಿ ಮುಗಿದ ದಿನ, ಕೇಳಲಿ ಬಿಡಲಿ, ಸದರಿ ಸ್ವತ್ತನ್ನು ಕೊಟ್ಟವನಿಗೆ ಒಪ್ಪಿಸತಕ್ಕದ್ದು. ಬಳಕೆಯ ಸವಕಳಿಯನ್ನು ಬಿಟ್ಟು, ಪಡೆದಾಗ ಇದ್ದ ಸ್ಥಿತಿಯಲ್ಲೇ.

"ಏನಾಯ್ತೇ?" ಎಂದಳು ಅಮ್ಮ.

"ಮನೆ ವಾಪಸ್ ಅಮ್ಮ. ದುಡ್ಡು ವಾಪಸ್ ಇಲ್ಲ."

"ಅದು ಹೇಗೆ ನ್ಯಾಯ?" ಎಂದು ಅಮ್ಮ ಉತ್ತರದ ಆ ಕಂಪನಿಯ ಪರವಾಗಿ ಸ್ವಲ್ಪ ಹೊತ್ತು ವಾದಿಸಿದಳು.

ಹತ್ತು ವರ್ಷದ ಮೇಲೆ ಟೇಪು ಅಂಗಡಿಯವನಿಗೆ ಸೇರಬೇಕಿತ್ತು. ಅಂಗಡಿ ಮುಚ್ಚಿದಾಗ, ತಾಯಿ ಬರೆಸಿದ ಸಾಲಿನಂತೆ, ಅಂಗಡಿಯವನದು ಹುಡುಗಿಗೆ ಸೇರಬೇಕಿತ್ತು. ಕೊಂಡಿಗೆ ಕೊಂಡಿ ಕೂಡಿತು. ಭಾನುವಾರ ಬೆಳಿಗ್ಗೆ ಅಲೆನ್‌ನಿಂದ ನೇರ ಹ್ಯೂಸ್ಟನ್‌ಗೆ ಡ್ರೈವ್ ಮಾಡಿದೆ. ನಾಲ್ಕು ಗಂಟೆಗಿಂತ ಹೆಚ್ಚಿನ ದಾರಿ. ದಾರಿಯುದ್ದಕ್ಕೂ ಒಳ್ಳೆಯ ಸುದ್ದಿಗಿಂತ ತಪ್ಪೊಪ್ಪಿಗೆಯ ಮಾತನ್ನೇ ಜೋಡಿಸುತ್ತಿದ್ದೆ.

ಅವರು ಚರ್ಚಿನಿಂದ ಬಂದು, ಟೋಪಿ ಇನ್ನೂ ತಲೆಯ ಮೇಲಿರುವಾಗಲೇ ಜಗಲಿಯಲ್ಲಿ ಕೂತಿದ್ದರು.

"ಹೋದ ಸಲ ನಾನು ಹೇಳಿದ್ದು ತಪ್ಪು, ಮ್ಯಾಮ್."

ಅವರು ಕೈಚೀಲವನ್ನು ಮಡಿಲಿನಲ್ಲಿ ಸರಿಯಾಗಿ ಇಟ್ಟುಕೊಂಡರು.

"ನಮ್ಮ ಊರಲ್ಲಿ ಲೀಸ್ ಎಂದರೆ ಬೇರೆ. ನಾನು ನಮ್ಮ ಊರಿನ ಅರ್ಥದಲ್ಲಿ ನಿಮ್ಮ ಕಾಗದ ಓದಿದೆ." ಸರಸ್ವತಿಪುರಂ ಮನೆಯ ವಿಷಯ ಹೇಳಿದೆ. ಮೊತ್ತ, ಬೀಗದ ಕೈ, ಮಾವ ಎಣಿಸಿದ ಎರಡು ಮೊಳೆ, ಎಲ್ಲ.

"ಅಂದರೆ ಹಾಡು ಬರಲ್ಲ."

"ಬರುತ್ತದೆ ಎಂದುಕೊಂಡಿದ್ದೇನೆ. ದುಡ್ಡು ಕೊಡದೆಯೇ. ಆದರೆ ಮೊದಲು ಆ ಹಾಳೆಯನ್ನು ಕೈಯಲ್ಲಿ ಹಿಡಿದು ನೋಡಬೇಕು."

ಪೆಟ್ಟಿಗೆ ತಂದರು. ಹಾಳೆಯನ್ನು ಬೆಳಕಿಗೆ ಹಿಡಿದೆ. ಒಂದು ಬದಿಯ ಟೈಪ್ ಅಕ್ಷರಗಳ ಗುರುತು ಇನ್ನೊಂದು ಬದಿಯಲ್ಲಿ ಉಬ್ಬಿ ಕೈಗೆ ಸಿಗುತ್ತಿತ್ತು. ಅವರ ಬೆರಳನ್ನೂ ಅಲ್ಲಿ ಇಡಿಸಿದೆ. ಆಮೇಲೆ ಹಿಂಬದಿಯನ್ನು ನಿಧಾನವಾಗಿ ಓದಿದೆ. ನಾಯಿಯ ಷರತ್ತು ಬಂದಾಗ ಅವರಿಗೆ ನಗು ಬಂತು.

"ನನ್ನ ಹಾಡಿನೊಳಗೆ ನಾಯಿ ಸಾಕಬಾರದು. ಸರಿ. ಮುಂದೆ?"

ಮುಂದಿನ ಸಾಲು ಓದಿದೆ. ಅವರು ಇನ್ನೊಮ್ಮೆ ಓದು ಎಂದರು. ಓದಿದೆ.

"ಈ ಸಲ ಇದು ಯಾವ ಊರಿನ ಅರ್ಥ?"

"ಇದೇ ಊರಿನದು, ಮ್ಯಾಮ್."

"ಹೋದ ಸಲ ಅಷ್ಟು ಬೇಗ ಹೇಳಿದೆಯಲ್ಲ, ಆಗಲೇ ನನಗೆ ಅನುಮಾನ ಇತ್ತು," ಎಂದರು. "ಗೆಳತಿಗೆ ಏನೂ ಹೇಳಲ್ಲ. ಬರುತ್ತೆ ಅಂದೆ, ಬಂತು ಅಂದುಕೊಳ್ಳಲಿ." ಚಕ್ಕುಲಿ ಡಬ್ಬಿ ತೊಳೆದು, ಅದರಲ್ಲಿ ಪೀಕನ್ ಬೀಜ ತುಂಬಿಸಿ ವಾಪಸ್ ಕೊಟ್ಟರು. ಡಬ್ಬಿ ಖಾಲಿ ಕೊಡಬಾರದು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮೇಲಧಿಕಾರಿ ನನ್ನ ಹೊಸ ಪುಟ ಓದಿ, ಹಿಂಬದಿಯ ಫೋಟೋವನ್ನು ಬಹಳ ಹೊತ್ತು ನೋಡಿದರು. "ಇಷ್ಟು ವರ್ಷ ಆದಮೇಲೆ ಅವರು ಜಗಳ ಆಡಬಹುದು. ಆದರೆ ಎಸೀಬೇಕು ಅಂತಿರೋ ವಸ್ತುವಿಗೆ ಯಾರೂ ಜಾಸ್ತಿ ಜಗಳ ಆಡಲ್ಲ." ಪತ್ರ ಹೋಯಿತು. ಎರಡು ವಾರದ ಮೇಲೆ ಆ ಕಂಪನಿಯ ವಕೀಲ ಫೋನ್ ಮಾಡಿದ. ಮೇಲಧಿಕಾರಿ ಫೋನನ್ನು ಸ್ಪೀಕರಿಗೆ ಹಾಕಿ ಮಾತಾಡು ಎಂದು ನನಗೆ ಕಣ್ಸನ್ನೆ ಮಾಡಿದರು.

"ಇದು ಮನೆ ಬಾಡಿಗೆ ಫಾರಮ್ಮು," ಎಂದ ಆತ.

"ಹೌದು," ಎಂದೆ. "ಅಂಚಿನ ಸಾಲು ನೋಡಿ."

ಕಾಗದ ತಿರುವಿದ ಸದ್ದು. "ಅಂದರೆ ನಾವು ಗೋಡೆಗೆ ಮೊಳೆ ಹೊಡೆಯುವಂತಿರಲಿಲ್ಲ."

"ಇರಲಿಲ್ಲ. ಹತ್ತನೆಯ ವರ್ಷ ಖಾಲಿ ಮಾಡಬೇಕಿತ್ತು."

"ನಿಮ್ಮ ಹತ್ತಿರ ಮೂಲ ಹಾಳೆ ಇದೆಯೇ?"

"ಇದೆ. ಎರಡೂ ಬದಿ."

ಆತ ಟೇಪುಗಳನ್ನು ಎಲ್ಲಿಗೆ ಕಳಿಸಬೇಕು ಎಂದು ವಿಳಾಸ ಕೇಳಿದ. ಫೋನ್ ಇಟ್ಟ ಮೇಲೆ ಮೇಲಧಿಕಾರಿ, "ತಪ್ಪಿಲ್ಲ," ಎಂದರು.

ಹಳೆಯ ಟೇಪು ಓಡಿಸಲು ಬಲ್ಲ ತಂತ್ರಜ್ಞ ಡಾಲಸ್‌ನಲ್ಲಿದ್ದ. ಗಾಯಕಿಯನ್ನು ಹಿಂದಿನ ದಿನವೇ ಕಾರಿನಲ್ಲಿ ಕರೆತಂದು ಹೋಟೆಲಿನಲ್ಲಿ ಇಳಿಸಿದ್ದೆ. ಬೆಳಿಗ್ಗೆ ಸ್ಟುಡಿಯೋಗೆ ಹೋದರೆ ಬಾಗಿಲಲ್ಲಿ ಅಮ್ಮ ನಿಂತಿದ್ದಳು, ಕೈಯಲ್ಲಿ ಚಿತ್ರಾನ್ನದ ಡಬ್ಬಿ. ನಾನು ಕರೆದಿರಲಿಲ್ಲ, ಯಾವ ಬೀದಿ ಎಂದು ಕೇಳಿದ್ದಳು, ಹೇಳಿದ್ದೆ, ಅಷ್ಟೇ.

ಗಾಯಕಿ ಅಮ್ಮನ ಕೈ ಹಿಡಿದುಕೊಂಡರು. "ಮೊಳೆ ಎಣಿಸೋ ತಾಯಿ ನೀವೇನಾ?"

"ಎಣಿಸಿದ್ದು ನನ್ನ ತಮ್ಮ," ಎಂದಳು ಅಮ್ಮ ಇಂಗ್ಲಿಷಿನಲ್ಲಿ, ಬಹಳ ಗಂಭೀರವಾಗಿ. "ನಾನು ಕ್ಷಮಿಸಿದೆ."

ಟೇಪಿನ ಪೆಟ್ಟಿಗೆ ತೆರೆದಾಗ ವಿನೆಗರ್ ವಾಸನೆ ಬಂತು. ಟೇಪು ಹಾಳಾಗಲು ಶುರುವಾದಾಗ ಹಾಗೆ ಬರುತ್ತದೆ ಎಂದ ತಂತ್ರಜ್ಞ. "ಉಪ್ಪಿನಕಾಯಿ ಕೆಟ್ಟ ಹಾಗಿದೆ," ಎಂದು ಅಮ್ಮ ನನ್ನ ಕಿವಿಯಲ್ಲಿ ಹೇಳಿದಳು. ಬಿಡುಗಡೆಯಾದ ಎರಡು ಹಾಡಿನ ಟೇಪನ್ನು ಬದಿಗಿಟ್ಟು ಆತ ಮೂರನೆಯದನ್ನು ಯಂತ್ರಕ್ಕೆ ಹಾಕಿದ.

ಮೊದಲು ಯಾರೋ ಕೆಮ್ಮಿದರು. ಆಮೇಲೆ ಪಿಯಾನೋ. ಆಮೇಲೆ, ನಲವತ್ತರ ದನಿಯಿದ್ದ ಆ ಹತ್ತೊಂಬತ್ತರ ಹುಡುಗಿ.

ಗಾಯಕಿ ಕುರ್ಚಿಯ ತುದಿಗೆ ಸರಿದು ಕೂತರು. ಕಣ್ಣು ಮುಚ್ಚಲಿಲ್ಲ. ತಿರುಗುವ ಚಕ್ರವನ್ನೇ ನೋಡುತ್ತಿದ್ದರು, ಅಲ್ಲಿ ಏನೋ ತಪ್ಪಿದರೆ ಹಿಡಿಯಬೇಕು ಎನ್ನುವ ಹಾಗೆ. ಹಾಡು ಮುಗಿಯಿತು.

"ಎರಡನೇ ಚರಣಕ್ಕೆ ತಡವಾಗಿ ಬಂದಿದ್ದೇನೆ," ಎಂದರು.

"ಗೊತ್ತೇ ಆಗಲಿಲ್ಲ," ಎಂದೆ.

"ನಿನಗೆ ಗೊತ್ತಾಗಲ್ಲ. ನನಗೆ ಆಗಲೂ ಗೊತ್ತಿತ್ತು. ಇನ್ನೊಂದು ಸಲ ಹಾಡ್ತೀನಿ ಅಂದೆ. ಟೇಪು ದುಬಾರಿ ಅಂದ." ನಗಲು ನೋಡಿದರು. "ಇಷ್ಟು ವರ್ಷ ಅದು ಎಷ್ಟು ತಡ ಅಂತ ಯೋಚಿಸ್ತಿದ್ದೆ. ಇಷ್ಟೇ ತಡ."

"ಕಂಪ್ಯೂಟರಿನಲ್ಲಿ ಸರಿಮಾಡಬಹುದು," ಎಂದ ತಂತ್ರಜ್ಞ. "ಯಾರಿಗೂ ತಿಳಿಯುವುದಿಲ್ಲ."

ಅವರು ಆತನನ್ನು ನೋಡಿ, ನಾಲ್ಕನೆಯದನ್ನು ಹಾಕು ಎಂದರು. ನಾಲ್ಕನೆಯ ಟೇಪು ಅರ್ಧಕ್ಕಿಂತ ಮುಂದೆ ಹೋಗಲಿಲ್ಲ. ಅಲ್ಲಿಂದಾಚೆ ಸುಕ್ಕುಗಟ್ಟಿ, ದನಿಯೆಲ್ಲ ನೀರಿನೊಳಗಿಂದ ಬಂದ ಹಾಗೆ ಕೇಳಿಸಿತು. ಆತ ನಿಲ್ಲಿಸಿದ.

"ಬಳಕೆಯ ಸವಕಳಿ," ಎಂದರು ಅವರು ನನ್ನ ಕಡೆ ತಿರುಗಿ. "ಅದನ್ನು ಹಿಂಬದಿಯಲ್ಲಿ ಬಿಟ್ಟುಕೊಟ್ಟಿದ್ದಾನಲ್ಲ." ಮೂರನೆಯದನ್ನು ಮತ್ತೆ ಹಾಕಿಸಿದರು. ಆಮೇಲೆ ಇನ್ನೊಮ್ಮೆ. ಅಮ್ಮ ಎಲ್ಲರಿಗೂ ತಟ್ಟೆಯಲ್ಲಿ ಚಿತ್ರಾನ್ನ ಬಡಿಸಿದಳು.

ನನ್ನ ಚೀಲದಲ್ಲಿ ಒಂದು ಕಾಗದವಿತ್ತು. ಆಸ್ಟಿನ್‌ನ ಒಂದು ಪುಟ್ಟ ರೆಕಾರ್ಡ್ ಕಂಪನಿ, ಅವರು ಒಪ್ಪುವುದಾದರೆ, ನಾಲ್ಕರಲ್ಲಿ ಉಳಿದಿರುವಷ್ಟನ್ನೂ ಒಂದು ರೆಕಾರ್ಡಾಗಿ ತರುತ್ತೇವೆ ಎಂದಿತ್ತು. ಹಾಡು ಕೇಳಿಸುವ ಮುಂಚೆ ಅದನ್ನು ಹೊರಗೆ ತೆಗೆಯುವುದು ಬೇಡ ಎಂದುಕೊಂಡಿದ್ದೆ. ಊಟವಾದ ಮೇಲೆ ಅವರೇ ಕೇಳಿದರು. ಕನ್ನಡಕ ಹಾಕಿಕೊಂಡು ಪ್ರತಿ ಸಾಲೂ ಓದಿದರು.

"ಮಾರೋದಾ, ಲೀಸಾ?"

"ಲೀಸ್. ಐದು ವರ್ಷ. ಮುಗಿದ ದಿನ, ಕೇಳಲಿ ಬಿಡಲಿ, ನಿಮಗೆ ವಾಪಸ್."

"ನಿಮ್ಮ ಊರಿನದಾ, ನಮ್ಮ ಊರಿನದಾ?"

"ನಿಮ್ಮ ಊರಿನದು."

ಅವರು ಹಾಳೆಯನ್ನು ತಿರುಗಿಸಿದರು. ಹಿಂಬದಿ ಖಾಲಿ. "ಇಲ್ಲೇನೂ ಇಲ್ಲವಲ್ಲ."

"ಎಲ್ಲವೂ ಮುಂದೆಯೇ ಇದೆ, ಮ್ಯಾಮ್."

"ನಮ್ಮಮ್ಮ ಆಗಿದ್ದರೆ ಖಾಲಿ ಬಿಡ್ತಿರಲಿಲ್ಲ." ಪೆನ್ನನ್ನು ನನ್ನ ಕಡೆ ಚಾಚಿದರು. "ಬರಿ. ಮೊಳೆ ಹೊಡೆಯಬಾರದು ಅಂತ ಬರೆದ ಹಾಗೆಯೇ ಬರಿ. ಎರಡನೇ ಚರಣಕ್ಕೆ ಅವಳು ತಡವಾಗಿ ಬಂದಿದ್ದಾಳೆ. ಅದನ್ನು ಯಾರೂ ಸರಿಮಾಡಬಾರದು."

ಸ್ಟುಡಿಯೋದ ಮೇಜಿನ ಮೇಲೆ ಜಾಗ ಮಾಡಿಕೊಂಡು ಬರೆದೆ. ನನ್ನ ಕೈಬರಹ ಚಿಕ್ಕದು, ನೆಟ್ಟಗೆ. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದೆ. ಅವರು 'ಯಾರೂ' ಎಂಬ ಪದದ ಕೆಳಗೆ ತಾವೇ ಒಂದು ಗೆರೆ ಎಳೆದು, ಮೊದಲು ಹಿಂಬದಿಗೆ ಸಹಿ ಹಾಕಿ, ಆಮೇಲೆ ಹಾಳೆ ತಿರುಗಿಸಿ ಮುಂದೆ ಹಾಕಿದರು.